ಅಳಿಯಿತೆಂದ ಹಕ್ಕಿ ಕೂಗಿತು!

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ ಮಾತ್ರ ವಾಸಿಸುವ ನತ್ತಿಂಗ ಹಕ್ಕಿಯೊಂದುಂಟು. ಹಗಲೆಲ್ಲ ಒಣಕಾಡಿನ ತರಗೆಲೆಗಳ ನಡುವೆ ತಾನೂ ಒಂದು ತರಗೆಲೆಯೋ ಎಂಬಂತೆ ಅಡಗಿದ್ದು, ಇರುಳಾದೊಡನೆ ಅಗಲವಾದ ಬಾಯಿ ತೆರೆದು ಹಾರುವ ಕೀಟಗಳನ್ನು ಹಿಡಿಯುತ್ತದೆ. 1888ರಲ್ಲಿ ಒಂದು ಹಕ್ಕಿ ದೊರೆತಿತ್ತು; ಮುಂದೆ ಬಹುಕಾಲ ಸುಳಿವು ಸಿಗದೆ, ಅದರ ವಂಶವೇ ಅಳಿಯಿತೆಂದು ಪಂಡಿತರು ಬಗೆದರು. ಆದರೆ 1961ರಲ್ಲಿ ಗ್ವಾನಿಕ ಅರಣ್ಯದ ಕತ್ತಲಲ್ಲಿ ಅದರ ಸಿಳ್ಳು ಕೇಳಿಬಂದಿತು!

ಗೂಡು ಕಟ್ಟದೆ ನೆಲದ ತರಗಿನ ಮೇಲೆಯೇ ಒಂದೆರಡು ಮೊಟ್ಟೆಗಳನ್ನಿಡುವುದು ಇದರ ಪದ್ಧತಿ. ಕಾವು ಕೊಡುವುದು ಹೆಚ್ಚಾಗಿ ಗಂಡು. ಮೈಬಣ್ಣವು ಕಣ್ಣನ್ನು ವಂಚಿಸೀತು, ಮೂಸಿ ಹುಡುಕುವ ಶತ್ರುವನ್ನು ವಂಚಿಸಲಾರದು. ಕಬ್ಬಿನ ಗದ್ದೆಗಳ ಇಲಿಗಳನ್ನು ಕೊಲ್ಲಲೆಂದು 19ನೆಯ ಶತಮಾನದಲ್ಲಿ ಅಲ್ಲಿಗೆ ತಂದುಬಿಟ್ಟ ಮುಂಗುಸಿಗಳು, ಅದೂ ನಮ್ಮ ಭಾರತದ ಮುಂಗುಸಿಗಳ ಸಂತತಿ, ಇದಕ್ಕೆ ಮೃತ್ಯುವಾಗಿವೆ. ಮನೆಗಳಿಗಾಗಿ ಕಾಡೂ ಕರಗುತ್ತಿದೆ. ಆ ಕಾಡು ಉಳಿಯದಿದ್ದರೆ, ವಾಚಕರೇ, ಮತ್ತೊಮ್ಮೆ ಆ ಸಿಳ್ಳು ಕೇಳಿಬರಲಾರದು.