ಗೃಹಲೆಕ್ಕ ತಂತ್ರಾಂಶದಲ್ಲಿ ಕಾಣೆಯಾದ ವರದಿ ಹಾಗೂ ದಾಖಲೆಗಳನ್ನು ಮರಳಿ ಪಡೆಯುವ ಕ್ರಮ

ಮನೆಯ ಆದಾಯ, ವೆಚ್ಚ, ಸಾಲದ ಕಂತು, ಬಾಡಿಗೆ ಹಾಗೂ ಉಳಿತಾಯದ ವಿವರಗಳನ್ನು ಹಿಂದೆ ಕಿರ್ದಿ ಮತ್ತು ಖಾತೆ ಪುಸ್ತಕಗಳಲ್ಲಿ ಬರೆದಿಡಲಾಗುತ್ತಿತ್ತು. ಇಂದು ಅನೇಕ ಕುಟುಂಬಗಳು ಈ ಕಾರ್ಯಕ್ಕೆ ಗಣಕಯಂತ್ರದ ತಂತ್ರಾಂಶವನ್ನು ಅವಲಂಬಿಸಿವೆ. ಪುಸ್ತಕಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಗಣಕಯಂತ್ರದ ಕಡತ ಹಾಳಾದದ್ದು ಅದನ್ನು ತೆರೆಯುವವರೆಗೂ ತಿಳಿಯುವುದಿಲ್ಲ. ಹದಿನೈದು ವರ್ಷಗಳ ಹಿಂದೆ ಕೊಂಡ ಮನೆಯನ್ನು ಮಾರುವಾಗ, ಅದರ ಮೇಲೆ ಅಂತಸ್ತು ಕಟ್ಟಿಸಿದ ವೆಚ್ಚವನ್ನು ತೋರಿಸಲಾಗದಿದ್ದರೆ ಬಂಡವಾಳ ಲಾಭದ ಮೇಲಿನ ತೆರಿಗೆ ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಆದುದರಿಂದ ಗೃಹಲೆಕ್ಕದ ದಾಖಲೆ ಕಾಣೆಯಾದಾಗ ಅನುಸರಿಸಬೇಕಾದ ಕ್ರಮವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಉದಾಹರಣೆಗೆ ಗ್ನುಕ್ಯಾಶ್ ಎಂಬ ಮುಕ್ತ ತಂತ್ರಾಂಶವನ್ನು ಆರಿಸಿಕೊಳ್ಳಲಾಗಿದೆ. ಇದರ ಮೊದಲ ಸ್ಥಿರ ಆವೃತ್ತಿ 1998ರಲ್ಲಿ ಬಿಡುಗಡೆಯಾಯಿತು. 2007ರಿಂದ ವಿಂಡೋಸ್ ಗಣಕಯಂತ್ರಗಳಲ್ಲಿಯೂ ಬಳಕೆಯಲ್ಲಿದೆ. ಇದಕ್ಕೆ ಶುಲ್ಕವಿಲ್ಲ. ಕನ್ನಡ ಅನುವಾದವನ್ನೂ ಇದು ಒಳಗೊಂಡಿದೆ. ಆದರೆ ಬಹುತೇಕ ಬಳಕೆದಾರರು ಇಂಗ್ಲಿಷ್ ಪಟ್ಟಿಗಳನ್ನೇ ಬಳಸುವುದರಿಂದ ಆ ಹೆಸರುಗಳನ್ನೇ ಕೊಡಲಾಗಿದೆ.

ವರದಿ ಬೇರೆ, ದಾಖಲೆ ಬೇರೆ

ಬಳಕೆದಾರರು ಮೊದಲು ತಿಳಿಯಬೇಕಾದ ಅಂಶವೆಂದರೆ ವರದಿ ಮತ್ತು ದಾಖಲೆ ಒಂದೇ ಅಲ್ಲ ಎಂಬುದು. ಪ್ರತಿ ದಿನ ನಮೂದಿಸುವ ವ್ಯವಹಾರಗಳು ದಾಖಲೆ. ಆದಾಯ-ವೆಚ್ಚ ಪಟ್ಟಿ, ಅಢಾವೆ ಪತ್ರಿಕೆ ಮುಂತಾದವು ವರದಿಗಳು. ವರದಿಯನ್ನು ತಂತ್ರಾಂಶವು ಎಲ್ಲಿಯೂ ಅಂಕಿಗಳ ರೂಪದಲ್ಲಿ ಕೂಡಿಟ್ಟಿರುವುದಿಲ್ಲ. ತೆರೆದಾಗಲೆಲ್ಲ ದಾಖಲೆಯಿಂದ ಹೊಸದಾಗಿ ಲೆಕ್ಕಹಾಕಿ ತೋರಿಸುತ್ತದೆ. ಹೀಗಾಗಿ ವರದಿ ಬರಿದಾಗಿ ಕಂಡಾಕ್ಷಣ ಲೆಕ್ಕವೇ ಹೋಯಿತೆಂದು ಗಾಬರಿಗೊಳ್ಳುವ ಅಗತ್ಯವಿಲ್ಲ. ಗಾಬರಿಯಲ್ಲಿ ತಂತ್ರಾಂಶವನ್ನು ಅಳಿಸಿ ಮತ್ತೆ ಅಳವಡಿಸುವುದರಿಂದ ಇಂತಹ ದೋಷ ಸರಿಹೋಗುವುದೂ ಇಲ್ಲ.

ಜನವರಿಯಲ್ಲಿ ಬರಿದಾಗುವ ವರದಿ

ಗ್ನುಕ್ಯಾಶ್ ತಂತ್ರಾಂಶವು ಬೇರೆ ಸೂಚನೆ ಇಲ್ಲದಿದ್ದಲ್ಲಿ ಲೆಕ್ಕದ ಅವಧಿಯನ್ನು ಕ್ಯಾಲೆಂಡರ್ ವರ್ಷಕ್ಕೆ, ಅಂದರೆ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಎಂದು ಪರಿಗಣಿಸುತ್ತದೆ. ಭಾರತದಲ್ಲಿ ಆರ್ಥಿಕ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆ. ಡಿಸೆಂಬರ್ 31ರ ರಾತ್ರಿ ಒಂಬತ್ತು ತಿಂಗಳ ವೆಚ್ಚವನ್ನು ತೋರಿಸುತ್ತಿದ್ದ ವರದಿ ಮರುದಿನ ಬೆಳಿಗ್ಗೆ ಸೊನ್ನೆ ತೋರಿಸಿದರೆ ಕಾರಣ ಇದೇ ಆಗಿರುತ್ತದೆ. ಎಡಿಟ್ ಪಟ್ಟಿಯ ಪ್ರಿಫರೆನ್ಸಸ್‌ನಲ್ಲಿ ಅಕೌಂಟಿಂಗ್ ಪೀರಿಯಡ್ ಎಂಬಲ್ಲಿ ಆರಂಭ ಮತ್ತು ಅಂತ್ಯದ ದಿನಾಂಕಗಳನ್ನು ಬದಲಿಸಿಕೊಳ್ಳಬೇಕು. ಒಂದೇ ವರದಿಗೆ ಮಾತ್ರ ಬದಲಾವಣೆ ಬೇಕಿದ್ದರೆ ಆ ವರದಿಯ ಆಪ್ಷನ್ಸ್ ಕಿಟಕಿಯಲ್ಲಿ ದಿನಾಂಕ ನೀಡಿದರೆ ಸಾಕು. ನಿಗದಿತ ದಿನಾಂಕಗಳನ್ನು ನಮೂದಿಸಿದವರು ಪ್ರತಿ ಏಪ್ರಿಲ್‌ನಲ್ಲಿ ಅವುಗಳನ್ನು ಮುಂದಿನ ವರ್ಷಕ್ಕೆ ತಿದ್ದಬೇಕಾಗುತ್ತದೆ. ಇದು ಕಿರಿಕಿರಿಯ ಕೆಲಸವೇ ಸರಿ.

ಖಾತೆಯೊಂದು ಪಟ್ಟಿಯಿಂದಲೇ ಮರೆಯಾಗಿದ್ದಲ್ಲಿ ವ್ಯೂ ಪಟ್ಟಿಯ ಫಿಲ್ಟರ್ ಬೈ ಎಂಬುದನ್ನು ಪರಿಶೀಲಿಸುವುದು. ಮರೆಮಾಡಿದ ಖಾತೆಗಳು ಹಾಗೂ ಶಿಲ್ಕು ಸೊನ್ನೆಯಾದ ಖಾತೆಗಳನ್ನು ತೋರಿಸಬೇಕೆ ಬೇಡವೆ ಎಂಬ ಆಯ್ಕೆ ಅಲ್ಲಿರುತ್ತದೆ.

ಉಳಿಸಿಟ್ಟ ವರದಿಯ ನಮೂನೆ ಕಾಣೆಯಾದಾಗ

ಬಳಕೆದಾರರು ತಮಗೆ ಬೇಕಾದ ಖಾತೆಗಳನ್ನು ಆರಿಸಿ, ವರದಿಗೆ ಹೆಸರಿಟ್ಟು ಉಳಿಸಿಕೊಳ್ಳುವುದುಂಟು. ಹೀಗೆ ಉಳಿಯುವುದು ವರದಿಯ ನಮೂನೆ ಮಾತ್ರ. ಅದು ಲೆಕ್ಕದ ಕಡತದಲ್ಲಿ ಇರುವುದಿಲ್ಲ. ಸೇವ್ಡ್-ರಿಪೋರ್ಟ್ಸ್-2.8 ಎಂಬ ಪ್ರತ್ಯೇಕ ಕಡತದಲ್ಲಿ, ಬಳಕೆದಾರರ ವೈಯಕ್ತಿಕ ಕೋಶದೊಳಗೆ ಇರುತ್ತದೆ. ಹೊಸ ಗಣಕಯಂತ್ರ ಕೊಂಡವರು ಲೆಕ್ಕದ ಕಡತವನ್ನಷ್ಟೇ ನಕಲು ಮಾಡಿಕೊಂಡು ಹಳೆಯದನ್ನು ಮಾರಿಬಿಟ್ಟರೆ ನಮೂನೆಗಳು ಹಳೆಯ ಯಂತ್ರದೊಂದಿಗೇ ಹೋಗುತ್ತವೆ.

ವಿಂಡೋಸ್‌ನಲ್ಲಿ ಈ ಕೋಶವು ಆ್ಯಪ್‌ಡೇಟಾ ಎಂಬ ಮರೆಮಾಡಿದ ಕೋಶದ ಒಳಗಿನ ರೋಮಿಂಗ್‌ನಲ್ಲಿ ಗ್ನುಕ್ಯಾಶ್ ಎಂಬ ಹೆಸರಿನಲ್ಲಿದೆ. ಇತ್ತೀಚಿನ ಆವೃತ್ತಿಗಳಲ್ಲಿ ಹೆಲ್ಪ್ ಪಟ್ಟಿಯ ಅಬೌಟ್ ಕಿಟಕಿಯಲ್ಲಿ ಇದರ ಪೂರ್ಣ ವಿಳಾಸ ದೊರೆಯುತ್ತದೆ. 2018ರಲ್ಲಿ ಬಂದ 3.0 ಆವೃತ್ತಿಗಿಂತ ಮೊದಲು ಕೋಶದ ಸ್ಥಳವೂ ಬೇರೆಯಿತ್ತು, ಕಡತದ ಹೆಸರಿನ ಕೊನೆಯಲ್ಲಿ 2.4 ಎಂದಿತ್ತು. ಹಳೆಯ ಹಾರ್ಡ್‌ಡಿಸ್ಕ್ ಹುಡುಕುವಾಗ ಎರಡೂ ಹೆಸರುಗಳನ್ನು ನೋಡಬೇಕು. ತಂತ್ರಾಂಶವನ್ನು ಮುಚ್ಚಿ, ಸಿಕ್ಕಿದ ಕಡತವನ್ನು ಹೊಸ ಯಂತ್ರದ ಅದೇ ಕೋಶಕ್ಕೆ ನಕಲು ಮಾಡಿದರೆ ನಮೂನೆಗಳು ರಿಪೋರ್ಟ್ಸ್ ಪಟ್ಟಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಸಿಗದಿದ್ದರೆ ನಮೂನೆಯನ್ನು ಮತ್ತೊಮ್ಮೆ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಹಣದ ಲೆಕ್ಕಕ್ಕೆ ಇದರಿಂದ ಕುಂದಿಲ್ಲ.

ಲೆಕ್ಕದ ಕಡತವೇ ಹಾಳಾದಲ್ಲಿ

ವಿದ್ಯುತ್ ಕಡಿತದ ಸಮಯದಲ್ಲಿ ಗಣಕಯಂತ್ರ ಹಠಾತ್ತನೆ ನಿಂತಾಗ, ಪೆನ್‌ಡ್ರೈವ್ ಅನ್ನು ಕ್ರಮವಾಗಿ ಹೊರತೆಗೆಯದೆ ಎಳೆದಾಗ, ಅಥವಾ ಒಂದೇ ಕಡತವನ್ನು ಎರಡು ಯಂತ್ರಗಳಲ್ಲಿ ತೆರೆದಾಗ ದಾಖಲೆ ನಿಜಕ್ಕೂ ಹಾಳಾಗಬಹುದು. ಇಂತಹ ಸಂದರ್ಭದಲ್ಲಿ ಮೊದಲ ಕೆಲಸ ದುರಸ್ತಿಯಲ್ಲ. ಲೆಕ್ಕದ ಕಡತವಿರುವ ಇಡೀ ಕೋಶವನ್ನು ಇದ್ದಂತೆಯೇ ಬೇರೊಂದು ಡಿಸ್ಕ್‌ಗೆ ನಕಲು ಮಾಡಿಟ್ಟು, ಮುಂದಿನ ಪ್ರಯತ್ನಗಳನ್ನೆಲ್ಲ ಆ ನಕಲಿನ ಮೇಲೆಯೇ ನಡೆಸತಕ್ಕದ್ದು.

ಆ ಕೋಶದಲ್ಲಿ ಮುಖ್ಯ ಕಡತದ ಜೊತೆಗೆ ಅದೇ ಹೆಸರಿನ ಮುಂದೆ 14 ಅಂಕಿಗಳಿರುವ ಇತರ ಕಡತಗಳೂ ಕಂಡುಬರುತ್ತವೆ. ಕೋಶ ಕಸವಾಗಿದೆಯೆಂದು ಕೆಲವರು ಇವುಗಳನ್ನು ಅಳಿಸಿಬಿಡುತ್ತಾರೆ, ಹಾಗೆ ಮಾಡಬಾರದು. ಆ ಅಂಕಿಗಳು ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಮತ್ತು ಸೆಕೆಂಡುಗಳನ್ನು ಸೂಚಿಸುತ್ತವೆ. 20240315193045 ಎಂದಿದ್ದರೆ ಅದು 2024ರ ಮಾರ್ಚ್ 15ರ ರಾತ್ರಿ 7 ಗಂಟೆ 30 ನಿಮಿಷ 45 ಸೆಕೆಂಡಿನದು. ಲೆಕ್ಕವನ್ನು ಉಳಿಸಿದಾಗಲೆಲ್ಲ ತಂತ್ರಾಂಶವು ಹಿಂದಿನ ಪ್ರತಿಯನ್ನು ಈ ಬಗೆಯ ಹೆಸರಿನಲ್ಲಿ ತೆಗೆದಿಡುತ್ತದೆ. ಮುಖ್ಯ ಕಡತ ತೆರೆಯದಿದ್ದಲ್ಲಿ ಅತ್ಯಂತ ಇತ್ತೀಚಿನ ಪ್ರತಿಯನ್ನು ತೆರೆದು ನೋಡಿ, ಸರಿಯಿದ್ದರೆ ಹೊಸ ಹೆಸರಿನಲ್ಲಿ ಉಳಿಸಿಕೊಳ್ಳುವುದು. ಬೇರೆ ಸೂಚನೆ ಇಲ್ಲದಿದ್ದಲ್ಲಿ 30 ದಿನ ಕಳೆದ ಪ್ರತಿಗಳನ್ನು ತಂತ್ರಾಂಶವೇ ಅಳಿಸುತ್ತದೆ ಎಂಬುದನ್ನು ಗಮನಿಸಬೇಕು. ಲೆಕ್ಕವನ್ನು ಎಸ್‌ಕ್ಯುಲೈಟ್ ಮುಂತಾದ ದತ್ತಸಂಚಯದ ರೂಪದಲ್ಲಿ ಇಟ್ಟವರಿಗೆ ಈ ಪ್ರತಿಗಳ ಸೌಲಭ್ಯವಿಲ್ಲ. ಅಲ್ಲಿ ಪ್ರತಿಯೊಂದು ನಮೂದೂ ಆ ಕ್ಷಣದಲ್ಲೇ ಉಳಿಯುತ್ತದೆ, ತಪ್ಪು ನಮೂದೂ ಸಹ.

ಕೊನೆಯ ಪ್ರತಿ ಉಳಿದ ನಂತರ ನಮೂದಿಸಿದ ವ್ಯವಹಾರಗಳಿಗೆ ಲಾಗ್ ಕಡತಗಳಿವೆ. ಅಂಗಡಿಯವರು ಖಾತೆಗೆ ಏರಿಸುವ ಮೊದಲು ಕಚ್ಚಾ ಪುಸ್ತಕದಲ್ಲಿ ಗೀಚಿಡುವಂತೆ, ತಂತ್ರಾಂಶವು ಪ್ರತಿ ವ್ಯವಹಾರದ ಬದಲಾವಣೆಯನ್ನು ಇವುಗಳಲ್ಲಿ ಬರೆದಿಡುತ್ತದೆ. ಯಂತ್ರ ನಿಲ್ಲುವ ಮೊದಲು ಕೊನೆಯದಾಗಿ ಉಳಿಸಿದ ಲೆಕ್ಕವನ್ನು ತೆರೆದು, ಫೈಲ್ ಪಟ್ಟಿಯ ಇಂಪೋರ್ಟ್‌ನಲ್ಲಿರುವ ರಿಪ್ಲೇ ಆಯ್ಕೆಯ ಮೂಲಕ ಅದರ ನಂತರದ ಲಾಗ್ ಕಡತವನ್ನು ಆರಿಸಿದರೆ ಆ ವ್ಯವಹಾರಗಳು ಮತ್ತೆ ಸೇರ್ಪಡೆಯಾಗುತ್ತವೆ. ಪ್ರತಿಯ ಸಮಯ ಮತ್ತು ಲಾಗ್‌ನ ಸಮಯ ಹೊಂದಿಕೆಯಾಗಬೇಕಾದುದು ಇಲ್ಲಿ ಮುಖ್ಯ. ನಿಗದಿತ ಪಾವತಿಗಳ ವೇಳಾಪಟ್ಟಿ, ಗ್ರಾಹಕರ ವಿವರ ಹಾಗೂ ಬಿಲ್ಲುಗಳಲ್ಲಿ ಮಾಡಿದ ಬದಲಾವಣೆಗಳು ಈ ಕ್ರಮದಿಂದ ಮರಳಿ ಬರುವುದಿಲ್ಲ.

ಕಡತವನ್ನು ಬೇರೊಬ್ಬರು ಬಳಸುತ್ತಿದ್ದಾರೆ ಎಂಬ ಸಂದೇಶ ಬಂದರೆ, ಹಠಾತ್ತನೆ ನಿಂತಾಗ ಉಳಿದುಹೋದ ಎಲ್‌ಸಿಕೆ ಎಂಬ ಬೀಗದ ಕಡತವೇ ಸಾಮಾನ್ಯವಾಗಿ ಕಾರಣ. ಬೇರೆ ಯಾವ ಯಂತ್ರದಲ್ಲಿಯೂ ಲೆಕ್ಕ ತೆರೆದಿಲ್ಲವೆಂದು ಖಚಿತಪಡಿಸಿಕೊಂಡು ಓಪನ್ ಎನಿವೇ ಆಯ್ಕೆಯನ್ನು ಬಳಸಬಹುದು.

ಮರಳಿ ಪಡೆದ ನಂತರ ಆ್ಯಕ್ಷನ್ಸ್ ಪಟ್ಟಿಯ ಚೆಕ್ ಆ್ಯಂಡ್ ರಿಪೇರ್ ಅನ್ನು ನಡೆಸುವುದು ಒಳಿತು. ದ್ವಿ ನಮೂದು ಪದ್ಧತಿಯಲ್ಲಿ ಪ್ರತಿ ವ್ಯವಹಾರಕ್ಕೂ ಎರಡು ಬದಿಗಳಿರಬೇಕು. ಒಂದು ಬದಿ ಕಳೆದುಹೋಗಿದ್ದರೆ ತಂತ್ರಾಂಶವು ಅದನ್ನು ಇಂಬ್ಯಾಲೆನ್ಸ್ ಅಥವಾ ಆರ್ಫನ್ ಎಂಬ ಖಾತೆಗೆ ಹಾಕುತ್ತದೆ. ಈ ಖಾತೆಗಳಲ್ಲಿ ಮೊತ್ತವಿರುವವರೆಗೆ ಲೆಕ್ಕ ಪೂರ್ಣವಾಗಿ ಸರಿಯಾಗಿಲ್ಲವೆಂದೇ ತಿಳಿಯಬೇಕು.

ಅಳಿಸಿದ ಕಡತ

ಕಡತವನ್ನೇ ಅಳಿಸಿದ್ದಲ್ಲಿ ಮೊದಲು ಮರುಬಳಕೆ ಬುಟ್ಟಿಯನ್ನು ನೋಡುವುದು. ಅಲ್ಲಿಲ್ಲದಿದ್ದರೆ ಆ ಡಿಸ್ಕ್‌ನ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು. ಹೊಸದಾಗಿ ಬರೆದದ್ದು ಹಳೆಯದರ ಜಾಗವನ್ನು ಆಕ್ರಮಿಸುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಬೇರೊಂದು ಡಿಸ್ಕ್‌ನಿಂದ ನಡೆಸಿ ಹುಡುಕಬಹುದು. ಗ್ನುಕ್ಯಾಶ್ ಕಡತವು ಸಾಮಾನ್ಯವಾಗಿ ಜಿಜಿಪ್ ವಿಧಾನದಲ್ಲಿ ಸಂಕುಚಿತಗೊಂಡ ಪಠ್ಯವಾಗಿರುವುದರಿಂದ, ಹೆಸರು ಕಳೆದುಕೊಂಡು ಸಿಕ್ಕಿದ ಜಿಜಿಪ್ ಕಡತಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾಗುತ್ತದೆ. ಎಸ್‌ಎಸ್‌ಡಿ ಬಗೆಯ ಡಿಸ್ಕ್‌ಗಳಲ್ಲಿ ಅಳಿಸಿದ ಜಾಗವನ್ನು ಯಂತ್ರವೇ ಬೇಗ ತೆರವುಗೊಳಿಸುವುದರಿಂದ ಯಶಸ್ಸಿನ ಸಾಧ್ಯತೆ ಕಡಿಮೆ.

ಬೇರೆ ಮೂಲಗಳಿಂದ ಪುನರ್ರಚನೆ

ಯಾವ ಪ್ರತಿಯೂ ಸಿಗದಿದ್ದಾಗ ಲೆಕ್ಕವನ್ನು ಹೊರಗಿನ ಮೂಲಗಳಿಂದ ಕಟ್ಟಿಕೊಳ್ಳಬೇಕು. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ, 2002ರ ಅನ್ವಯ ಬ್ಯಾಂಕುಗಳು ವ್ಯವಹಾರದ ದಾಖಲೆಗಳನ್ನು ವ್ಯವಹಾರ ನಡೆದ ದಿನಾಂಕದಿಂದ ಐದು ವರ್ಷಗಳವರೆಗೆ ಇಡಬೇಕಾಗಿದೆ. ಆದುದರಿಂದ ಹಳೆಯ ವರ್ಷಗಳ ಖಾತಾ ವಿವರಕ್ಕೆ ಶಾಖೆಯಲ್ಲಿ ತಡಮಾಡದೆ ಅರ್ಜಿ ಸಲ್ಲಿಸುವುದು ಉತ್ತಮ. ಸಿಎಸ್‌ವಿ ಅಥವಾ ಒಎಫ್ಎಕ್ಸ್ ರೂಪದಲ್ಲಿ ದೊರೆತ ವಿವರವನ್ನು ತಂತ್ರಾಂಶಕ್ಕೆ ನೇರವಾಗಿ ಸೇರಿಸಬಹುದು. ಬಡ್ಡಿ, ಲಾಭಾಂಶ ಮತ್ತು ಮೂಲದಲ್ಲಿ ಕಡಿತವಾದ ತೆರಿಗೆಯ ಮಾಹಿತಿಯು ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಜಾಲತಾಣದಲ್ಲಿ ಲಭ್ಯವಿದೆ. 2021ರ ನವೆಂಬರ್‌ನಲ್ಲಿ ವಾರ್ಷಿಕ ಮಾಹಿತಿ ವಿವರಪಟ್ಟಿ ಜಾರಿಗೆ ಬಂದ ನಂತರ ಇದು ಇನ್ನಷ್ಟು ವಿಸ್ತಾರವಾಗಿದೆ.

ನಗದು ವೆಚ್ಚಕ್ಕೆ ಇಂತಹ ಆಸರೆಯಿಲ್ಲ. ಸಂತೆಯ ತರಕಾರಿ, ಮನೆಗೆಲಸದವರ ಸಂಬಳ, ಗಾರೆ ಕೆಲಸದವರ ಕೂಲಿ ಇವು ಯಾವ ಬ್ಯಾಂಕಿನ ವಿವರದಲ್ಲಿಯೂ ಕಾಣುವುದಿಲ್ಲ. ನೆನಪಿನಿಂದ ಊಹಿಸಿದ ಮೊತ್ತವನ್ನು ರಸೀದಿಯಿರುವ ಮೊತ್ತದೊಂದಿಗೆ ಬೆರೆಸದೆ, ಪ್ರತ್ಯೇಕ ಖಾತೆಯಲ್ಲಿ ಅಂದಾಜು ಎಂದು ನಮೂದಿಸುವುದು ಸೂಕ್ತ. ಮುಂದೆ ವಿಚಾರಣೆ ನಡೆದಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದಕ್ಕಿಲ್ಲ ಎಂಬುದು ಇದರಿಂದ ಸ್ಪಷ್ಟವಾಗಿರುತ್ತದೆ.

ಗಮನಿಸಿ: ಗ್ನುಕ್ಯಾಶ್ ಅನ್ನು ಸ್ವಯಂಸೇವಕರು ರೂಪಿಸಿ ನಿರ್ವಹಿಸುತ್ತಿದ್ದಾರೆ. ಇದರ ಸಹಾಯವಾಣಿಯೆಂದು ಹೇಳಿಕೊಂಡು ದೂರವಾಣಿ ಮೂಲಕ ಹಣ ಕೇಳುವವರಿಗೆ, ಅಥವಾ ಗಣಕಯಂತ್ರವನ್ನು ದೂರದಿಂದ ನಿಯಂತ್ರಿಸುವ ತಂತ್ರಾಂಶ ಅಳವಡಿಸುವಂತೆ ಸೂಚಿಸುವವರಿಗೆ ಅವಕಾಶ ಕೊಡಬಾರದು. ಹಣ ಕಳೆದುಕೊಂಡವರು ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.