ಕೌದಿಯ ಮೇಲಿನ ಶಿಲುಬೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹೆಸರೆತ್ತಿದೊಡನೆ ನೆನಪಿಗೆ ಬರುವುದು ಅಡಿಕೆಯ ತೋಟ, ಮಾರಿಕಾಂಬೆಯ ಜಾತ್ರೆ, ಇರುಳಿಡೀ ನಡೆಯುವ ಯಕ್ಷಗಾನ. ಘಟ್ಟದ ಮೇಲಿನ ಈ ಸೀಮೆಯಲ್ಲಿ ಇಗರ್ಜಿಯ ಗಂಟೆಯೂ ಕೇಳಿಸುತ್ತದೆಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಆ ಗಂಟೆಗೆ ಓಗೊಟ್ಟು ಬರುವವರಲ್ಲಿ ಕಾಡಂಚಿನ ಸಿದ್ದಿ ಹೆಂಗಸರೂ ಇದ್ದಾರೆಂಬುದನ್ನು ಬಲ್ಲವರು ಇನ್ನೂ ವಿರಳ.

ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಪೋರ್ತುಗೀಜರು ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಸೇರಿದರು. ಯಲ್ಲಾಪುರ ಮತ್ತು ಅದರ ನೆರೆಯ ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಇಂದು ಅವರ ಸಂತತಿಯವರು ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ಯಾಥೊಲಿಕ್ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮನ್ನಣೆ ದೊರೆತದ್ದು 2003ರಲ್ಲಿ.

ಮತ ಯಾವುದಾದರೂ ಸಿದ್ದಿ ಹೆಂಗಸರ ಕೈಗೆಲಸ ಒಂದೇ: ಕೌದಿ ಹೊಲಿಯುವುದು. ಅವರ ಬಾಯಲ್ಲಿ ಅದು ಕವಂದಿ. ಹಳೆಯ ಸೀರೆ, ಸವೆದ ಅಂಗಿ, ಮಕ್ಕಳ ಲಂಗ ಇವುಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಚಿದ ಬಟ್ಟೆಯ ಪುಟ್ಟ ಹೂವನ್ನು ಕೂರಿಸದಿದ್ದರೆ ಕೌದಿ ಪೂರ್ಣವಾಗಲಿಲ್ಲವೆಂದೇ ಅವರ ಎಣಿಕೆ. ಮುಸಲ್ಮಾನ ಹೆಂಗಸು ಅದರಲ್ಲಿ ಅರ್ಧಚಂದ್ರವನ್ನು ಮೂಡಿಸಿದರೆ, ಕ್ರೈಸ್ತ ಹೆಂಗಸು ಶಿಲುಬೆಯನ್ನು ಮೂಡಿಸುತ್ತಾಳೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಅಧ್ಯಯನ ನಡೆಸಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೂ ನಡೆಯಿತು.

ಮಗುವಿಗೆ ಹೊದೆಸುವ ಬಟ್ಟೆಯ ಮೇಲೆ ಶಿಲುಬೆ ಇರಬೇಕೆಂದು ಯಾವ ಪಾದ್ರಿಯೂ ವಿಧಿಸಿದ್ದಲ್ಲ. ಎಲ್ಲಿ ಇಡಬೇಕು, ಯಾವ ಬಣ್ಣದಲ್ಲಿ ಇಡಬೇಕು ಎಂಬುದನ್ನು ಹೊಲಿಯುವವಳೇ ನಿರ್ಧರಿಸುತ್ತಾಳೆ. ಮನೆಯೊಳಗಿನ ಧರ್ಮಕ್ಕೆ ಅವಳೇ ಯಜಮಾನಿ. ಆದರೆ ಇಗರ್ಜಿಯ ಹೊಸ್ತಿಲು ದಾಟಿದೊಡನೆ ಆ ಯಜಮಾನಿಕೆ ಎಲ್ಲಿ ಹೋಗುತ್ತದೆ?

ಈ ಪ್ರಶ್ನೆ ಸಿದ್ದಿ ಹೆಂಗಸಿನದು ಮಾತ್ರವಲ್ಲ. 1917ರ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು, ಬಲಿಪೂಜೆಯಲ್ಲಿ ನೆರವಾಗಲು ಗಂಡಸು ಇಲ್ಲದಿದ್ದರೆ ಹೆಂಗಸು ದೂರದಲ್ಲಿ ನಿಂತು ಉತ್ತರ ಹೇಳಬಹುದೆಂದಿತು; ಬಲಿಪೀಠದ ಸಮೀಪಕ್ಕೆ ಮಾತ್ರ ಅವಳು ಹೋಗಕೂಡದು. ಪೀಠದ ಹೊದಿಕೆಯನ್ನು ಒಗೆಯುವ ಕೈ ಬೇಕು, ಹೂ ಕಟ್ಟುವ ಕೈ ಬೇಕು, ನೆಲ ಗುಡಿಸುವ ಕೈ ಬೇಕು. ಆ ಕೈಯವಳ ಕಂಠ ಬೇಡ!

ಮೂಲ ಗ್ರಂಥವನ್ನು ತೆರೆದು ನೋಡಿದರೆ ಚಿತ್ರ ಬೇರೆಯೇ ಆಗಿದೆ. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯಳು. ಫಿಲಿಪ್ಪಿ ಪಟ್ಟಣದ ವಿಶ್ವಾಸಿಗಳು ಕೂಡುತ್ತಿದ್ದುದು ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳ ಮನೆಯಲ್ಲಿ. ವಾಗ್ಮಿಯಾದ ಅಪೊಲ್ಲೋಸನಿಗೆ ಧರ್ಮಮಾರ್ಗವನ್ನು ಇನ್ನಷ್ಟು ಸ್ಪಷ್ಟವಾಗಿ ತಿಳಿಹೇಳಿದವರಲ್ಲಿ ಪ್ರಿಸ್ಕಿಲ್ಲ ಒಬ್ಬಳು. ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲನು ಫೊಯಿಬೆಯೆಂಬ ಸಭಾಸೇವಕಿಯನ್ನು ಆದರದಿಂದ ಬರಮಾಡಿಕೊಳ್ಳಿರೆಂದು ಕೇಳಿಕೊಂಡಿದ್ದಾನೆ. ಹೆಸರುಗಳು ಅಲ್ಲಿಯೇ ಇದ್ದುವು. ಓದಿದವರು ಅವುಗಳ ಮೇಲೆ ಕಣ್ಣಾಡಿಸಿ ಮುಂದಕ್ಕೆ ಹೋದರು.

ಇತ್ತೀಚಿನ ವರ್ಷಗಳಲ್ಲಿ ಬಾಗಿಲು ತುಸು ಸರಿದಿದೆ. 1994ರಲ್ಲಿ ಹುಡುಗಿಯರೂ ಪೀಠಸೇವೆ ಮಾಡಬಹುದೆಂದು ರೋಮ್ ಒಪ್ಪಿತು. ಹೆಂಗಸರು ಇಗರ್ಜಿಯಲ್ಲಿ ಶಾಸ್ತ್ರಪಾಠ ಓದುವ ರೂಢಿ ಹಿಂದಿನಿಂದ ಬೆಳೆದು ಬಂದಿದ್ದರೂ ವಾಚಕರೆಂಬ ಅಧಿಕೃತ ಪದವಿ ಗಂಡಸರಿಗೇ ಮೀಸಲಾಗಿತ್ತು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಹೆಂಗಸರಿಗೂ ತೆರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಉಪದೇಶಿಗಳ ಸೇವೆಗೂ ಅಧಿಕೃತ ಸ್ಥಾನ ಬಂದಿತು. 2023ರ ಅಕ್ಟೋಬರದಲ್ಲಿ ರೋಮಿನಲ್ಲಿ ನಡೆದ ಬಿಷಪರ ಸಿನೊಡಿನಲ್ಲಿ ಮೊಟ್ಟಮೊದಲ ಬಾರಿಗೆ ಹೆಂಗಸರು ಮತ ಚಲಾಯಿಸಿದರು. ಭಾರತದ ಕ್ಯಾಥೊಲಿಕ್ ಬಿಷಪರು 2010ರಷ್ಟು ಹಿಂದೆಯೇ ಸ್ತ್ರೀಪುರುಷ ಸಮಾನತೆಯ ನೀತಿಯೊಂದನ್ನು ಹೊರಡಿಸಿದ್ದರು. ಆದರೂ ಗುರುದೀಕ್ಷೆ ಮಾತ್ರ ಗಂಡಸರಿಗೇ ಸಲ್ಲುವುದೆಂಬ 1994ರ ಘೋಷಣೆ ಕದಲಿಲ್ಲ.

ಪ್ರೊಟೆಸ್ಟೆಂಟರ ದಾರಿ ಇನ್ನೂ ಮುಂದಕ್ಕೆ ಸಾಗಿದೆ. ಘಟ್ಟದ ಬಯಲುಸೀಮೆಯ ಕಡೆ, ಧಾರವಾಡ ಹುಬ್ಬಳ್ಳಿಗಳಲ್ಲಿ, ಬಾಸೆಲ್ ಮಿಷನ್ನಿನವರು ಕಟ್ಟಿದ ಸಭೆಗಳು ಇಂದು ದಕ್ಷಿಣ ಭಾರತ ಸಭೆಗೆ ಸೇರಿವೆ. 1947ರಲ್ಲಿ ಉದಯಿಸಿದ ಆ ಸಭೆ ಹೆಂಗಸರಿಗೆ ಗುರುದೀಕ್ಷೆ ನೀಡುತ್ತದೆ. 2013ರಲ್ಲಿ ಆಂಧ್ರದ ನಂದ್ಯಾಲ ಪ್ರಾಂತಕ್ಕೆ ಎಗ್ಗೋನಿ ಪುಷ್ಪಲಲಿತ ಅವರು ಬಿಷಪರಾಗಿ ಅಭಿಷಿಕ್ತರಾದರು. ಆ ಸಭೆಯಲ್ಲಿ ಈ ಪದವಿಗೇರಿದ ಮೊದಲ ಮಹಿಳೆ ಅವರು.

ರೋಮಿನ ಆಜ್ಞಾಪತ್ರವಾಗಲಿ, ನಂದ್ಯಾಲದ ಅಭಿಷೇಕವಾಗಲಿ ಕಾಡಂಚಿನ ಇಗರ್ಜಿಗೆ ತಾನಾಗಿ ನಡೆದು ಬರುವುದಿಲ್ಲ. ಉತ್ತರ ಕನ್ನಡಕ್ಕಾಗಿ ಕಾರವಾರ ಧರ್ಮಪ್ರಾಂತವು 1976ರಲ್ಲಿಯೇ ಸ್ಥಾಪಿತವಾಯಿತು. ಅದಕ್ಕೆ ಸೇರಿದ ಪುಟ್ಟ ಊರುಗಳಲ್ಲಿ ಈ ಮಾತು ತೀರ್ಮಾನವಾಗುವುದು ಸಣ್ಣ ಸಣ್ಣ ಸಂಗತಿಗಳಿಂದ: ಆದಿತ್ಯವಾರ ಪಾಠ ಓದಲು ಯಾರನ್ನು ಕರೆಯುತ್ತಾರೆ? ಹಣದ ಲೆಕ್ಕ ನೋಡುವ ಮಂಡಳಿಯಲ್ಲಿ ಯಾರು ಕುಳಿತಿದ್ದಾರೆ? ಅಕ್ಷರ ಬಾರದ ಮುದುಕಿಯೊಬ್ಬಳು ಎದ್ದು ನಿಂತು ಮಾತನಾಡಿದರೆ ಉಳಿದವರು ಕೇಳುತ್ತಾರೆಯೆ? ಅವಳು ಸಿದ್ದಿಯಾದರೆ, ಹೆಣ್ಣೆಂಬ ಕಾರಣಕ್ಕೆ ಬಿದ್ದ ಬೀಗದ ಮೇಲೆ ಬಣ್ಣದ, ಬಡತನದ ಬೀಗಗಳೂ ಬಿದ್ದಿರುತ್ತವೆ.

ದೂರದ ನ್ಯೂಯಾರ್ಕಿನವರು ಅವಳ ಕೌದಿಯನ್ನು ಗೋಡೆಗೆ ತೂಗುಹಾಕಿ, ಅದರಲ್ಲಿ ಒಂದು ಜನಾಂಗದ ಚರಿತ್ರೆಯನ್ನು ಓದಿದರು. ಅಷ್ಟು ದೂರದವರಿಗೆ ಅರ್ಥವಾದ ಆ ಮಾತು, ಅವಳು ಪ್ರತಿವಾರ ಮೊಣಕಾಲೂರುವ ಮನೆಯಲ್ಲಿಯೂ ಅರ್ಥವಾಗಬೇಕು. ಕೌದಿಯನ್ನು ಮೆಚ್ಚುವುದು ಸುಲಭ. ಅದನ್ನು ಹೊಲಿದವಳಿಗೆ ಸಭೆಯ ನಡುವೆ ಒಂದು ಮಣೆ ಹಾಕಿ, ಅವಳ ಅಭಿಪ್ರಾಯವನ್ನು ಕೇಳಿ, ಅದರಂತೆ ನಡೆಯುವುದು ಇನ್ನು ಉಳಿದಿರುವ ಕೆಲಸ.