ಬಂದಳಿಕೆ ಬಿತ್ತುವ ಬದನಿಕೆ ಹಕ್ಕಿ

ಬೇಸಿಗೆಯಲ್ಲಿ ಹಳಿಯಾಳದಿಂದ ದಾಂಡೇಲಿಗೆ ಹೋಗುವಾಗ ಎಲೆ ಉದುರಿಸಿ ನಿಂತ ಸಾಗುವಾನಿ ಮರಗಳನ್ನು ಗಮನಿಸಿ. ಬೋಳು ಕೊಂಬೆಗಳ ನಡುವೆ ಹಸಿರು ಪೊದೆಗಳು ಕಂಡರೆ ಅವು ಮರದ ಚಿಗುರೆಂದು ತಿಳಿಯಬೇಡಿ. ಅದು ಬಂದಳಿಕೆ, ಕೆಲವು ಕಡೆ ಬದನಿಕೆ ಎನ್ನುತ್ತಾರೆ. ಮುಂಡಗೋಡದ ಮಾವಿನ ತೋಪಿನವರಿಗೂ ಇದರ ಕಾಟ ಹೊಸದಲ್ಲ. ಎಲೆ ಹಸಿರಾಗಿರುವುದರಿಂದ ತನ್ನ ಆಹಾರವನ್ನು ತಾನೇ ತಯಾರಿಸಬಲ್ಲದು. ಆದರೆ ನೀರು, ಲವಣಗಳನ್ನು ಮಾತ್ರ ಹೀರುಬೇರು ಇಳಿಸಿ ಮರದಿಂದ ಕದಿಯುತ್ತದೆ. ನೂರಾರು ಜಾತಿಯ ಮರಗಳು ಇದಕ್ಕೆ ಆಶ್ರಯ.

ಒಂದು ಮಾವಿನ ಮರದ ತುಂಬ ಬಂದಳಿಕೆ, ಸ್ವಲ್ಪ ದೂರದ ಇನ್ನೊಂದರಲ್ಲಿ ಒಂದೂ ಇಲ್ಲ. ಏಕೆ? ಉತ್ತರ ಹಕ್ಕಿಯ ಓಡಾಟದಲ್ಲಿದೆ.

ಬದನಿಕೆ ಹಕ್ಕಿ ಕೇವಲ 8 ಸೆಂಟಿಮೀಟರ್ ಉದ್ದದ್ದು, ನಮ್ಮ ದೇಶದ ಅತಿ ಪುಟ್ಟ ಹಕ್ಕಿಗಳಲ್ಲೊಂದು. ಹೆಸರೇ ಹೇಳುವಂತೆ ಈ ಗಿಡದೊಂದಿಗೇ ಅದರ ಬಾಳು. ಹೂವಿಗೆ ಪರಾಗಸ್ಪರ್ಶ ಮಾಡುವುದರಲ್ಲಿ ಸೂರಕ್ಕಿ ಮುಂದು. ಬೀಜ ಹರಡುವುದು ಈ ಹಕ್ಕಿಯ ಕೆಲಸ. ಡಾ. ಸಲೀಂ ಅಲಿಯವರು 1931ರಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಈ ಎರಡೂ ಹಕ್ಕಿಗಳ ಪಾತ್ರದ ಬಗ್ಗೆ ಬರೆದಿದ್ದರು.

ಹಣ್ಣು ನುಂಗಿದ ಕೆಲವೇ ನಿಮಿಷಗಳಲ್ಲಿ ಬೀಜ ಹೊರಬರುತ್ತದೆ. ಅದರ ಸುತ್ತ ವಿಸಿನ್ ಎಂಬ ಅಂಟು. ಹಿಂಭಾಗಕ್ಕೆ ಅಂಟಿಕೊಂಡ ಬೀಜವನ್ನು ಹಕ್ಕಿ ಕೂತ ರೆಂಬೆಗೇ ಒರೆಸಿಬಿಡುತ್ತದೆ. ಬೀಜಕ್ಕೆ ಬೇಕಾದದ್ದೂ ಅದೇ. ನೆಲಕ್ಕೆ ಬಿದ್ದರೆ ಅದಕ್ಕೆ ಬದುಕಿಲ್ಲ.

ಜೋಯಿಡಾದ ಕಾಡಿನ ಮಂಗಟ್ಟೆ ಹಣ್ಣು ತಿಂದು ಬಹುದೂರ ಹಾರಬಲ್ಲದು. ಬದನಿಕೆ ಹಕ್ಕಿಗೆ ಅಷ್ಟು ಅವಸರವಿಲ್ಲ. ಹಣ್ಣಿರುವ ಮರದಲ್ಲೇ ರೆಂಬೆಯಿಂದ ರೆಂಬೆಗೆ ಜಿಗಿಯುತ್ತ ಇರುತ್ತದೆ. ಹಾಗಾಗಿ ಹೆಚ್ಚಿನ ಬೀಜಗಳು ಅದೇ ಮರಕ್ಕೋ ಪಕ್ಕದ್ದಕ್ಕೋ ಅಂಟುತ್ತವೆ. ಬಂದಳಿಕೆ ಹೆಚ್ಚಿದಷ್ಟೂ ಹಕ್ಕಿಗಳು ಹೆಚ್ಚು ಬರುತ್ತವೆ, ಹಕ್ಕಿ ಬಂದಷ್ಟೂ ಬಂದಳಿಕೆ ಹೆಚ್ಚುತ್ತದೆ. ಅಪರೂಪಕ್ಕೊಮ್ಮೆ ದೂರ ಹಾರಿದರೆ ಹೊಸ ಮರಕ್ಕೂ ಅಂಟಿತೆಂದೇ ಲೆಕ್ಕ.

ಹಾಗೆಂದು ಕವಣೆ ಹಿಡಿದು ಹಕ್ಕಿಯ ಬೆನ್ನು ಹತ್ತುವುದು ಶುದ್ಧ ಅವಿವೇಕ. ಕಾಯಿ ಹಣ್ಣಾಗುವ ಮುನ್ನವೇ ಬಂದಳಿಕೆ ಕಚ್ಚಿಕೊಂಡ ಜಾಗದಿಂದ ಕೆಳಗೆ, ಕೊಂಬೆಯನ್ನೇ ಕತ್ತರಿಸಬೇಕು. ಎಲೆ ಸವರಿದರೆ ಸಾಲದು. ಮರದೊಳಗೆ ಉಳಿದ ಭಾಗದಿಂದ ಮತ್ತೆ ಚಿಗುರುತ್ತದೆ. ಕಾಡಿನಲ್ಲಿ ಮಾತ್ರ ಅದರ ಪಾಡಿಗೆ ಬಿಡುವುದೇ ಸರಿ. ಅಲ್ಲಿ ಅದು ಎಷ್ಟೋ ಹಕ್ಕಿಗಳ ಊಟ.

ಅಂದಹಾಗೆ, ನಮ್ಮ ಶ್ರೀಗಂಧವೂ ಅರೆ ಪರಾವಲಂಬಿಯೇ! ಅದು ಹೀರುವುದು ನೆರೆಯ ಗಿಡದ ಬೇರಿನಿಂದ. ಅದರ ಹಣ್ಣು ತಿಂದ ಪಿಕಳಾರ ಬೇಲಿಯ ಮೇಲೆ ಕೂತಾಗ ಬೀಜ ನೆಲಕ್ಕೆ ಬೀಳುತ್ತದೆ, ಗಂಧಕ್ಕೆ ಬೇಕಾದ ಬೇರುಗಳು ಅಲ್ಲೇ ಸಿಗುತ್ತವೆ.